ಸಣ್ಣ ಕೂಸಿಗೆ ಪಿಕ್ ಲೈನ್: ಸಹಿ ಮಾಡೋದಾ, ಬೇಡ್ವಾ?

ಅಣ್ಣಿಗೇರಿ ಮಾವ
ಎಲ್ಲರಿಗೂ ನಮಸ್ಕಾರ. ತಂಗಿಗೆ ಕುಬಸ ಮಾಡಿ ತವರಿಗೆ ಕರೆದುಕೊಂಡು ಬಂದಿದ್ದೆವು. ಅಷ್ಟರಲ್ಲೇ ಹೆರಿಗೆ ಆಗಿಬಿಟ್ಟಿತು, 29 ವಾರಕ್ಕೆ. ಗಂಡು ಕೂಸು, 1 ಕೆಜಿ 100 ಗ್ರಾಂ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎನ್‌ಐಸಿಯುನಲ್ಲಿದೆ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ. ಉಸಿರಾಟ ಈಗ ಪರವಾಗಿಲ್ಲ ಅಂತ ಹೇಳಿದ್ದಾರೆ.

ಹುಟ್ಟಿದ ದಿನವೇ ಹೊಕ್ಕಳಿನಿಂದ ಒಂದು ನಳಿಗೆ ಹಾಕಿದ್ದರು. ಈಗ ಅದನ್ನು ತೆಗೆದು ತೋಳಿನಿಂದ ಪಿಕ್ ಲೈನ್ ಹಾಕುತ್ತೇವೆ, ಅದರ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ ಇರುತ್ತದೆ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಅಂದಿದ್ದಾರೆ. ಸಹಿ ಮಾಡಬೇಕಾದವರು ತಂಗಿಯ ಗಂಡ. ಅವರ ಅವ್ವ "ಇಷ್ಟು ಸಣ್ಣ ಕೂಸಿನ ಎದಿಯೊಳಗ ನಳಿಗೆ ಬಿಡೋದು ಬ್ಯಾಡ" ಅಂತ ಹಟ ಹಿಡಿದು ಕೂತಿದ್ದಾರೆ. ಎಲ್ಲರಿಗೂ ಹಾಕುವ ಸಲೈನ್ ಸೂಜಿ ಸಾಲುವುದಿಲ್ಲವಾ? ಹೃದಯಕ್ಕೆ ಚುಚ್ಚಿದರೆ ಏನು ಗತಿ? ತಿಳಿದವರು ಹೇಳಿ. ಗೂಗಲ್ ನೋಡಿದರೆ ಹೆದರಿಕೆಯೇ ಜಾಸ್ತಿ ಆಗುತ್ತದೆ.

ಹುಬ್ಬಳ್ಳಿ ಸಿಸ್ಟರ್
ಅಣ್ಣಾರೇ, ಸೂಜಿ ಯಾಕೆ ಸಾಲುವುದಿಲ್ಲ ಅಂತ ಮೊದಲು ಹೇಳುತ್ತೇನೆ. 29 ವಾರದ ಕೂಸಿನ ಹೊಟ್ಟೆ ಪೂರ್ತಿ ಹಾಲು ತಡೆದುಕೊಳ್ಳುವುದಕ್ಕೆ ಇನ್ನೂ ತಯಾರಿರುವುದಿಲ್ಲ. ಹೊಟ್ಟೆಗೆ ಹಾಕಿದ ನಳಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಲು ಹೋಗುತ್ತದೆ. ಉಳಿದದ್ದೆಲ್ಲ, ಅಂದರೆ ಸಕ್ಕರೆ, ಪ್ರೋಟೀನ್, ಕೊಬ್ಬು, ಲವಣ, ರಕ್ತನಾಳದಲ್ಲೇ ಹೋಗಬೇಕು. ಅದಕ್ಕೆ ಟಿಪಿಎನ್ ಅನ್ನುತ್ತಾರೆ. ಅದು ಬಹಳ ಗಟ್ಟಿ ದ್ರವ. ಸಕ್ಕರೆ ಅಂಶ 12.5 ಪರ್ಸೆಂಟ್ ದಾಟಿದರೆ ಕೈಕಾಲಿನ ಸಣ್ಣ ರಕ್ತನಾಳಗಳಿಗೆ ಕೊಡುವಂತಿಲ್ಲ, ಸುಟ್ಟುಹೋಗುತ್ತವೆ. ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ ರಕ್ತದ ಹರಿವು ಜೋರು. ಅಲ್ಲಿ ಬಿದ್ದ ಕೂಡಲೇ ತೆಳುವಾಗಿಬಿಡುತ್ತದೆ.

ಕೈಗೆ ಹಾಕಿದ ಸೂಜಿ ಇಷ್ಟು ಸಣ್ಣ ಕೂಸಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಊದಿಕೊಳ್ಳುತ್ತದೆ, ತೆಗೆದು ಬೇರೆ ಕಡೆ ಚುಚ್ಚಬೇಕು. ಕೈ ಆಯಿತು, ಕಾಲು ಆಯಿತು, ತಲೆ ಆಯಿತು, ಕೊನೆಗೆ ಜಾಗವೇ ಸಿಗುವುದಿಲ್ಲ. ಪ್ರತಿ ಸಲ ಚರ್ಮದಲ್ಲಿ ಒಂದು ತೂತು, ನಂಜಿಗೆ ಒಂದು ಹೊಸ ದಾರಿ. ಟಿಪಿಎನ್ ಚರ್ಮದಡಿ ಸೋರಿದರೆ ಅಲ್ಲಿನ ಚರ್ಮ ಕಪ್ಪಾಗಿ ಕಳಚುವುದೂ ಉಂಟು. ಅಂಥ ಗಾಯದ ಕಲೆ ದೊಡ್ಡವರಾದ ಮೇಲೂ ಉಳಿಯುತ್ತದೆ.

ಹೃದಯಕ್ಕೆ ಚುಚ್ಚುವುದಿಲ್ಲ. ಸೂಜಿ ಚುಚ್ಚುವುದು ಮೊಳಕೈ ಹತ್ತಿರವೋ ಕಾಲಿನಲ್ಲೋ. ಸೂಜಿ ಹೊರಗೆ ಬರುತ್ತದೆ, ಒಳಗೆ ಉಳಿಯುವುದು ಮೆತ್ತಗಿನ ಲೈನ್ ಮಾತ್ರ. ಇಷ್ಟು ತೂಕದ ಕೂಸಿಗೆ ಸಾಮಾನ್ಯವಾಗಿ 1 ಫ್ರೆಂಚ್ ಸೈಜ್. ಅಂದರೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ.

ಹಾಕುವ ಮೊದಲು ಟೇಪಿನಲ್ಲಿ ಅಳತೆ ಆಗುತ್ತದೆ. ಚುಚ್ಚುವ ಜಾಗದಿಂದ ರಕ್ತನಾಳದ ದಾರಿ ಹಿಡಿದು ಹೆಗಲು, ಅಲ್ಲಿಂದ ಕೊರಳ ಬುಡ, ಅಲ್ಲಿಂದ ಎದೆಯ ಬಲಗಡೆ ಮೂರನೇ ಪಕ್ಕೆಲುಬಿನ ಸಂದಿಯವರೆಗೆ. ಆಮೇಲೆ ಟೊಪ್ಪಿಗೆ, ಮಾಸ್ಕ್, ಗೌನ್, ಗ್ಲೌಸ್. ಓಟಿ ಬಟ್ಟೆ ಕೂಸಿನ ಮೈಪೂರ್ತಿ ಹೊದಿಸಿ ಆ ಒಂದು ತೋಳು ಮಾತ್ರ ಹೊರಗೆ ಬಿಡುತ್ತೇವೆ. ನೋವಿಗೆ ನಾಲಿಗೆ ಮೇಲೆ ಎರಡು ಹನಿ ಸಕ್ಕರೆ ನೀರೋ ಅವ್ವನ ಹಾಲೋ. ಡಾಕ್ಟರು ಚಿಮಟದಲ್ಲಿ ಹಿಡಿದು ಲೈನನ್ನು ಅರ್ಧ ಅರ್ಧ ಸೆಂಟಿಮೀಟರ್ ಒಳಗೆ ದಾಟಿಸುತ್ತಾರೆ. ಅವಸರ ಮಾಡಿದರೆ ಮಡಚಿಕೊಳ್ಳುತ್ತದೆ. ರಕ್ತ ಹಿಂದಕ್ಕೆ ಬರುತ್ತದಾ ನೋಡುತ್ತಾರೆ. ಎಕ್ಸ್-ರೇ ಬಂದು ತುದಿ ಎಲ್ಲಿದೆ ಅಂತ ಗೊತ್ತಾಗುವವರೆಗೆ ಟಿಪಿಎನ್ ಶುರು ಮಾಡುವುದಿಲ್ಲ.

ಹಾಕುವವರ ಜೊತೆ ಇನ್ನೊಬ್ಬರು ಇರಲೇಬೇಕು. ಅವರ ಕೆಲಸ ಕೂಸಿನ ಬಣ್ಣ, ಉಸಿರು, ಮೈಬಿಸಿ ನೋಡೋದು. ಎಲ್ಲಾದರೂ ಕೈ ತಪ್ಪಿ ಅಶುದ್ಧ ಆದರೆ "ಸರ್, ನಿಲ್ಲಿಸಿ" ಅನ್ನೋದೂ ಅವರದೇ ಕೆಲಸ.

ರಾಣೇಬೆನ್ನೂರಿನ ಅವ್ವ
ಸಿಸ್ಟರ್ ಹೇಳಿದ್ದೆಲ್ಲ ಕೇಳೋಕೆ ಚೆಂದ ಇದೆ. ನನ್ನ ಮಗಳಿಗೂ ಹೀಗೇ ಹಾಕಿದ್ದರು. ಹಾಕುವಾಗ ಎಲ್ಲ ನೀಟಾಗೇ ಇತ್ತು. ತೊಂದರೆ ಆಗಿದ್ದು ಆಮೇಲೆ. ಒಂದಿನ ಕೂಸು ಸುಮ್ನೆ ಮಂಕಾಯಿತು. ಹೊಟ್ಟೆ ಉಬ್ಬಿತು, ನಡುನಡುವೆ ಉಸಿರು ನಿಲ್ಲಿಸತೊಡಗಿತು. ರಕ್ತದಲ್ಲಿ ನಂಜು ಅಂದರು. ಲೈನ್ ತೆಗೆದರು, ಮತ್ತೆ ವೆಂಟಿಲೇಟರ್ ಹಾಕಿದರು. ದೇವರ ದಯೆ, ಈಗ ಅಂಗನವಾಡಿಗೆ ಓಡಾಡಿಕೊಂಡು ಹೋಗುತ್ತಾಳೆ.

ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆದರೆ ನಾನು ಕಣ್ಣಾರೆ ಕಂಡದ್ದು ಇದು. ಹಾಲು ಕೊಡೋಕೆ ಒಳಗೆ ಹೋಗಿದ್ದೆ. ಪಕ್ಕದ ಕೂಸಿನ ಗಂಟಲಿನ ಕಫ ಸಕ್ಷನ್ ಮಾಡಿ ಎಳೆಯುತ್ತಿದ್ದ ಹುಡುಗಿ, ನಮ್ಮ ಕೂಸಿಗೆ ದ್ರವ ಬಿಡುವ ಪಂಪ್ ಕೂಗಿತು ಅಂತ ಓಡಿ ಬಂದು, ಅದೇ ಗ್ಲೌಸಿನಲ್ಲಿ ನಮ್ಮ ಲೈನಿನ ತ್ರೀವೇ, ಅಂದರೆ ಮೂರು ಬಾಯಿಯ ತಿರುಪು, ತೆಗೆದು ಸಿರಿಂಜ್ ಹಚ್ಚಿದಳು. ಕೇಳಿದರೆ "ಗ್ಲೌಸ್ ಹಾಕೇನಲ್ರೀ" ಅಂದಳು. ಹೀಗಿರುವಾಗ ಸಹಿ ಮಾಡಿ ಅಂತ ನಾನಂತೂ ಹೇಳಲಾರೆ.

ಧಾರವಾಡ ಡಾಕ್ಟರ್
ಅಕ್ಕಾ, ನೀವು ಹಿಡಿದದ್ದು ಸರಿಯಾದ ಜಾಗವನ್ನೇ. ಗ್ಲೌಸ್ ಕಾಪಾಡೋದು ಹಾಕಿಕೊಂಡವರ ಕೈಯನ್ನು. ಆ ಗ್ಲೌಸಿನ ಹೊರಮೈಗೆ ಪಕ್ಕದ ಕೂಸಿನ ಕಫ ಅಂಟಿದೆ ಅಂದಮೇಲೆ ನಿಮ್ಮ ಕೂಸಿನ ಲೈನಿಗೆ ಅದು ಬರಿಗೈಗಿಂತ ಕಡೆ.

ಲೈನಿಗೆ ನಂಜು ಎರಡು ದಾರಿಯಲ್ಲಿ ಬರುತ್ತದೆ. ಶುರುವಿನ ದಿನಗಳಲ್ಲಿ ಹೆಚ್ಚಾಗಿ ಚುಚ್ಚಿದ ಜಾಗದ ಚರ್ಮದಿಂದ. ದಿನ ಕಳೆದಂತೆ ಲೈನಿನ ಬಾಯಿಂದ, ಅಂದರೆ ಸಿರಿಂಜ್ ಹಚ್ಚುವ ಹಬ್‌ನಿಂದ. ಹಾಕುವಾಗ ಗೌನ್ ತೊಟ್ಟು ಇಷ್ಟೆಲ್ಲ ಶುದ್ಧ ಮಾಡಿ, ಆಮೇಲೆ ದಿನಕ್ಕೆ ಎಷ್ಟೋ ಸಲ ಆ ಬಾಯನ್ನು ಹೇಗೆ ಬೇಕೋ ಹಾಗೆ ತೆಗೆದರೆ ಏನು ಬಂತು? ಪ್ರತಿ ಸಲ ಕೈ ತೊಳೆಯಬೇಕು, ಸ್ಪಿರಿಟ್ ಸ್ವಾಬ್ ಹಿಡಿದು ಹಬ್ಬನ್ನು 15 ಸೆಕೆಂಡ್ ಗಸಗಸ ಉಜ್ಜಬೇಕು, ಒಣಗಲು ಬಿಡಬೇಕು. ಒಣಗುವ ಹೊತ್ತಿನಲ್ಲೇ ಸ್ಪಿರಿಟ್ ಕೆಲಸ ಮಾಡೋದು. ಒದ್ದೆ ಇರುವಾಗಲೇ ಸಿರಿಂಜ್ ಹಚ್ಚುವವರೇ ಜಾಸ್ತಿ.

ನಮ್ಮ ದೇಶದಲ್ಲಿ ಇನ್ನೊಂದು ಕಷ್ಟ ಇದೆ. ದೆಹಲಿಯ ಮೂರು ಆಸ್ಪತ್ರೆಗಳ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ನವಜಾತ ಕೂಸುಗಳ ರಕ್ತದ ನಂಜಿನಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾಗಳು ಮುಂದಿದ್ದವು. ಅವುಗಳಲ್ಲಿ ಬಹಳಷ್ಟು ಹಲವು ಔಷಧಿಗಳಿಗೆ ಬಗ್ಗದವು. ಇವು ಸಿಂಕು, ಒದ್ದೆ ಬಟ್ಟೆ, ತೇವದ ಜಾಗಗಳಲ್ಲಿ ಮನೆ ಮಾಡಿಕೊಂಡು ಕೈಗಳ ಮೇಲೆ ಸವಾರಿ ಮಾಡುತ್ತವೆ. ಅದಕ್ಕೇ ಕೈ ತೊಳೆಯೋದು ಇಲ್ಲಿ ಸಣ್ಣ ಮಾತಲ್ಲ.

ಆದರೆ ಲೈನೇ ಬೇಡ ಅನ್ನುವುದು ಇದಕ್ಕೆ ಉತ್ತರ ಅಲ್ಲ. ಅಣ್ಣಿಗೇರಿಯವರೇ, ಸಹಿ ಮಾಡಿ. ಮಾಡಿದ ಮೇಲೆ ದಿನಾ ಬೆಳಿಗ್ಗೆ ರೌಂಡ್ಸ್ ಮುಗಿದ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿ: "ಸರ್, ಇವತ್ತು ಈ ಲೈನ್ ಬೇಕಾ?" ಬೇಕು ಅಂದರೆ ಕಾರಣ ಹೇಳಲಿ. ಸುಮ್ನೆ ಇರಲಿ, ಮುಂದೆ ಬೇಕಾದೀತು ಅಂದರೆ ಅದು ಕಾರಣ ಅಲ್ಲ. ಲೈನ್ ಎಷ್ಟು ಬೇಗ ಹೊರಗೆ ಬರುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಹೊಕ್ಕಳ ಲೈನ್ ತೆಗೆಯುತ್ತಿರೋದೂ ಇದೇ ಲೆಕ್ಕಕ್ಕೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರಲ್ಲಿ ಹೊಕ್ಕಳ ರಕ್ತನಾಳದ ಲೈನನ್ನು ಶುದ್ಧವಾಗಿ ನೋಡಿಕೊಂಡರೆ 14 ದಿನದವರೆಗೆ ಇಡಬಹುದು ಅಂದಿತ್ತು. 2022ರಲ್ಲಿ ಎನ್‌ಐಸಿಯುಗಳಿಗೆ ಅಂತಲೇ ಬೇರೆ ಸೂಚನೆ ತಂದಿತು, 7 ದಿನದೊಳಗೆ ತೆಗೆಯೋದನ್ನು ಯೋಚಿಸಿ ಅಂತ. ನಿಮ್ಮ ಡಾಕ್ಟರು ಅದನ್ನು ತೆಗೆದು ಪಿಕ್ ಹಾಕುತ್ತೇವೆ ಅಂದರೆ ನಿಯಮ ತಿಳಿದವರು ಅಂತಲೇ ಅರ್ಥ.

ಅಣ್ಣಿಗೇರಿ ಮಾವ
ಡಾಕ್ಟ್ರೇ, ಸಿಸ್ಟರ್, ಅಕ್ಕಾರೇ, ಎಲ್ಲರಿಗೂ ದೊಡ್ಡ ಉಪಕಾರ. ರಾಣೇಬೆನ್ನೂರಿನ ಅಕ್ಕಾರ ಮಾತು ಓದಿ ಕೈಕಾಲು ತಣ್ಣಗಾಗಿದ್ದವು. ಡಾಕ್ಟರ್ ಮಾತನ್ನು ತಂಗಿಯ ಗಂಡನಿಗೆ ಓದಿ ಹೇಳಿದೆ. ಸಹಿ ಆಯಿತು. ಲೈನೂ ಆಯಿತು.

ಈಗ ಎರಡು ಹೊಸ ತಲೆನೋವು. ಒಂದು, ಎಕ್ಸ್-ರೇ ಒಂದಲ್ಲ ಎರಡು ಸಲ ತೆಗೆದಿದ್ದಾರೆ. ಲೈನನ್ನು ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ತೆಗೆದರಂತೆ. ಇದು ಬಿಲ್ಲಿಗೋಸ್ಕರವಾ? ಇನ್ನೊಂದು, ಅಜ್ಜಿ ದೃಷ್ಟಿ ದಾರ ಮತ್ತು ವಿಭೂತಿ ಕೊಟ್ಟು ಕಳಿಸಿದ್ದಾರೆ. ಹೊಕ್ಕಳ ನಳಿಗೆ ತೆಗೆದಿದ್ದಾರಲ್ಲ, ಅಲ್ಲಿಗೆ ಒಂದಿಷ್ಟು ಎಣ್ಣೆ ಅರಿಶಿನ ಹಚ್ಚಿ ಅಂತಲೂ ಹೇಳಿದ್ದಾರೆ. ಒಳಗೆ ಬಿಡುತ್ತಿಲ್ಲ.

ಹುಬ್ಬಳ್ಳಿ ಸಿಸ್ಟರ್
ಎಕ್ಸ್-ರೇ ವಿಷಯ ಡಾಕ್ಟರ್ ಹೇಳಲಿ. ಅಜ್ಜಿ ವಿಷಯ ನನಗೆ ಬಿಡಿ, ದಿನಾ ನಡೆಯುವ ಜಗಳ ಇದು.

ಹೊಕ್ಕಳಕ್ಕೆ ಎಣ್ಣೆ, ಅರಿಶಿನ, ವಿಭೂತಿ ಏನೂ ಬೇಡ. ಒಣಗಿರಬೇಕು, ಅಷ್ಟೇ. ಕೈಗೆ ದಾರ ಬೇಡವೇ ಬೇಡ. ಲೈನ್ ಇರುವ ತೋಳು ಸ್ವಲ್ಪ ಊದಿದರೂ ದಾರ ಬಿಗಿಯುತ್ತದೆ, ಬೆವರು ಕೊಳೆ ನಿಲ್ಲುತ್ತದೆ. ನಾವೇನು ಮಾಡುತ್ತೇವೆ ಅಂದರೆ, ವಿಭೂತಿ ಪೊಟ್ಟಣವನ್ನೂ ದಾರವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಜಿನ ಪೆಟ್ಟಿಗೆಯ ಹೊರಗೆ ಟೇಪ್ ಹಚ್ಚಿ ಅಂಟಿಸುತ್ತೇವೆ. ಅಜ್ಜಿಗೂ ಸಮಾಧಾನ, ಕೂಸಿಗೂ ತೊಂದರೆ ಇಲ್ಲ.

ಕುಂಚಿಗೆ, ಕುಲಾವಿ ತಂದರೆ ಒಗೆದು ಬಿಸಿಲಿಗೆ ಒಣಗಿಸಿ ತನ್ನಿ. ಆದರೆ ಲೈನ್ ಇರುವ ಕೈಯನ್ನು ಮುಚ್ಚುವ ಹಾಗೆ ಸುತ್ತಬೇಡಿ. ನಮಗೆ ಚುಚ್ಚಿದ ಜಾಗ, ತೋಳು, ಹೆಗಲು, ಎದೆ ಎಲ್ಲ ಕಾಣುತ್ತಿರಬೇಕು. ಗಂಟೆ ಗಂಟೆಗೂ ನೋಡುತ್ತೇವೆ. ಕೆಂಪಾಗಿದೆಯಾ, ಊದಿದೆಯಾ, ಬ್ಯಾಂಡೇಜ್ ಅಂಚು ಎದ್ದಿದೆಯಾ ಅಂತ. ಆ ಪಾರದರ್ಶಕ ಪಟ್ಟಿಯನ್ನು ದೊಡ್ಡವರಿಗೆ ವಾರಕ್ಕೊಮ್ಮೆ ಬದಲಿಸುತ್ತಾರೆ. ಇಂಥ ಕೂಸುಗಳಿಗೆ ಹಾಗೆ ಲೆಕ್ಕ ಇಟ್ಟು ಬದಲಿಸುವುದಿಲ್ಲ. ಸಡಿಲವಾದರೆ, ಒದ್ದೆಯಾದರೆ, ಕೊಳೆಯಾದರೆ ಮಾತ್ರ. ಕೀಳುವಾಗ ಚರ್ಮ ಕಿತ್ತು ಬರುತ್ತದೆ, ಲೈನೂ ಜರುಗುತ್ತದೆ.

ತಂಗಿಯವರಿಗೆ ಹೇಳಿ, ಲೈನ್ ಇದ್ದರೂ ಕೂಸನ್ನು ಎದೆಗೆ ಅಪ್ಪಿ ಇಟ್ಟುಕೊಳ್ಳಬಹುದು. ಕೂಸು ಸ್ಥಿರ ಇದ್ದರೆ ನಾವೇ ಲೈನ್ ಹಿಡಿದು ಎತ್ತಿ ಕೊಡುತ್ತೇವೆ. ತಾವಾಗಿ ಎತ್ತಿಕೊಳ್ಳಬಾರದು, ಅಷ್ಟೇ.

ಧಾರವಾಡ ಡಾಕ್ಟರ್
ಎರಡನೇ ಎಕ್ಸ್-ರೇ ಬಿಲ್ಲಿಗೋಸ್ಕರ ಅಲ್ಲ. ನಾನು ಅದನ್ನು ಒಳ್ಳೆಯ ಲಕ್ಷಣ ಅನ್ನುತ್ತೇನೆ. ತುದಿ ಹೃದಯದ ಹತ್ತಿರ ಇರಬೇಕು, ಹೃದಯದೊಳಗೆ ಇರಬಾರದು. ಮೇಲಿನಿಂದ ಬಂದರೆ ಹೃದಯಕ್ಕೆ ಸೇರುವ ಮೇಲಿನ ಮಹಾರಕ್ತನಾಳದಲ್ಲಿ, ಕಾಲಿನಿಂದ ಬಂದರೆ ಕೆಳಗಿನದರಲ್ಲಿ ನಿಲ್ಲಬೇಕು. ಒಂದು ಸೆಂಟಿಮೀಟರ್ ಆಚೀಚೆ ಆದರೂ ಈ ಕೂಸುಗಳಲ್ಲಿ ಬೇರೆಯೇ ಕಥೆ.

ಯಾಕೆ ಅಂತ ಹೇಳುತ್ತೇನೆ. ತುದಿ ಹೃದಯದ ಗೋಡೆಗೆ ತಾಗಿಕೊಂಡಿದ್ದರೆ ಆ ಗಟ್ಟಿ ದ್ರವ ಅಲ್ಲೇ ಬಿದ್ದು ಬಿದ್ದು ಗೋಡೆಯನ್ನು ಸುಡುತ್ತದೆ. ದ್ರವ ಹೃದಯದ ಹೊರಚೀಲದೊಳಗೆ ಸೋರಿ ತುಂಬಿಕೊಳ್ಳುತ್ತದೆ. ಹೊರಗಿನಿಂದ ಅಮುಕಿದ ಹಾಗಾಗಿ ಹೃದಯ ಬಡಿಯಲಾರದೆ ಹೋಗುತ್ತದೆ. ಕಾರ್ಡಿಯಾಕ್ ಟ್ಯಾಂಪೊನೇಡ್ ಅನ್ನುತ್ತೇವೆ. ಅಪರೂಪ, ಆದರೆ ಬಂದರೆ ಜೀವಕ್ಕೇ ಅಪಾಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನಾಲ್ಕು ಕೂಸುಗಳು ಹೀಗೆ ತೀರಿಕೊಂಡವು. ಅಲ್ಲಿನ ಆರೋಗ್ಯ ಇಲಾಖೆ ಪರಿಶೀಲನೆ ನಡೆಸಿ 2001ರಲ್ಲಿ ವರದಿ ತಂದಿತು. ತುದಿ ಹೃದಯದ ಕೋಣೆಗಳ ಹೊರಗೇ ಇರಬೇಕು ಅಂತ ಆಗ ಖಡಾಖಂಡಿತ ಹೇಳಿದರು.

ಇನ್ನು ತೋಳಿನ ಆಟ. ತೋಳು ಚಾಚಿದ್ದಾಗ ಸರಿಯಾದ ಜಾಗದಲ್ಲಿದ್ದ ತುದಿ, ಕೂಸು ಮೊಳಕೈ ಮಡಚಿ ಎದೆಗೆ ತಂದುಕೊಂಡರೆ ಒಳಕ್ಕೆ ಸರಿಯಬಹುದು. ಕೂಸುಗಳು ಮಲಗೋದೇ ಹಾಗೆ. ಅದಕ್ಕೇ ಎಕ್ಸ್-ರೇ ತೆಗೆಯುವಾಗ ತೋಳನ್ನು ಚಾಚಿ ಹಿಡಿಯದೆ ಕೂಸು ಇರುವ ರೀತಿಯಲ್ಲೇ ಇಟ್ಟು ತೆಗೆಯಬೇಕು. ಮುಂದಿನ ಸಲವೂ ಅದೇ ಭಂಗಿಯಲ್ಲಿ. ಇಲ್ಲದಿದ್ದರೆ ಹೋಲಿಸಿ ನೋಡೋಕೆ ಬರುವುದಿಲ್ಲ.

ಲೈನ್ ಇರುವ ಕೂಸು ಏಕಾಏಕಿ ಬಿಳಿಚಿಕೊಂಡು, ಎದೆಬಡಿತ ಇಳಿದು, ಏನು ಮಾಡಿದರೂ ಏಳದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಲೈನನ್ನೇ. ಪಂಪ್ ನಿಲ್ಲಿಸಬೇಕು. ಎಕೋ (ಹೃದಯದ ಸ್ಕ್ಯಾನ್) ಸಿಕ್ಕರೆ ನೋಡಬೇಕು, ಸಿಗದಿದ್ದರೆ ಕಾಯುತ್ತಾ ಕೂರಬಾರದು. ಎದೆಮೂಳೆಯ ಕೆಳಗಿನಿಂದ ಸೂಜಿ ಹಾಕಿ ಎಳೆದರೆ ಕೆಲವೊಮ್ಮೆ ಬರೋದು ರಕ್ತ ಅಲ್ಲ, ಟಿಪಿಎನ್! ಅದನ್ನು ತೆಗೆಯುತ್ತಿದ್ದಂತೆ ಎದೆಬಡಿತ ವಾಪಸ್ ಬಂದ ಕೂಸುಗಳಿವೆ.

ಗದಗ ರಾತ್ರಿಪಾಳಿ
ನಾನೂ ಸ್ಟಾಫ್ ನರ್ಸ್. ಧಾರವಾಡ ಡಾಕ್ಟರಿಗೆ ಒಂದು ಮಾತು. ಹಬ್ ಉಜ್ಜಿ, ಕೈ ತೊಳೆಯಿರಿ ಅನ್ನೋದು ಸುಲಭ. ರಾತ್ರಿ ಒಬ್ಬಳೇ ಇದ್ದಾಗ ಎರಡು ಪಂಪ್ ಒಟ್ಟಿಗೆ ಕೂಗಿ, ಮೂರನೇ ಕೂಸು ಉಸಿರು ನಿಲ್ಲಿಸಿದರೆ ಏನು ಮಾಡೋದು? ರಾಣೇಬೆನ್ನೂರಿನ ಅಕ್ಕಾ ಹೇಳಿದ ಆ ಹುಡುಗಿಯನ್ನು ಬೈಯೋಕೆ ನನಗೆ ಮನಸ್ಸು ಬರುತ್ತಿಲ್ಲ. ಅವಳ ಜೊತೆ ಇನ್ನೊಬ್ಬಳು ಇದ್ದಿದ್ದರೆ ಅವಳು ಹಾಗೆ ಓಡಿ ಬರುತ್ತಿರಲಿಲ್ಲ.

ಜನ ಹೆಚ್ಚಿಸೋದು ನಮ್ಮ ಕೈಯಲ್ಲಿಲ್ಲ. ಲೈನಿನ ಬಾಯಿ ತೆಗೆಯುವ ಸಲ ಕಡಿಮೆ ಮಾಡೋದು ಕೈಯಲ್ಲಿದೆ. ನಾವು ಹೀಗೆ ಮಾಡುತ್ತೇವೆ. ಮರುದಿನದವರೆಗಿನ ಟಿಪಿಎನ್, ಕೊಬ್ಬಿನ ಸಿರಿಂಜ್ ಎಲ್ಲ ಹಗಲಲ್ಲೇ, ಇಬ್ಬರು ಇರುವಾಗ, ಒರೆಸಿದ ಟ್ರಾಲಿ ಮೇಲೆ ಒಂದೇ ಸಲ ಜೋಡಿಸಿಬಿಡುತ್ತೇವೆ. ರಾತ್ರಿ ಆ ಲೈನ್ ಮುಟ್ಟುವುದೇ ಇಲ್ಲ. ಆಂಟಿಬಯಾಟಿಕ್ ಇಂಜೆಕ್ಷನ್ನಿಗೆ ಸಾಧ್ಯವಾದರೆ ಬೇರೆ ಸೂಜಿ. ಕೊಬ್ಬಿನ ಟ್ಯೂಬ್ 24 ಗಂಟೆಗೆ ಬದಲಿಸಲೇಬೇಕು. ಉಳಿದದ್ದನ್ನು ದಿನಾ ಬದಲಿಸುವ ಹಳೇ ಚಾಳಿ ಬಿಟ್ಟಿದ್ದೇವೆ. ಪಿಕ್‌ನಿಂದ ರಕ್ತ ತೆಗೆಯುವುದಿಲ್ಲ, ರಕ್ತ ಏರಿಸುವುದೂ ಇಲ್ಲ. ಅಷ್ಟು ಸಣ್ಣದರಲ್ಲಿ ಹೆಪ್ಪುಗಟ್ಟಿ ಲೈನೇ ಹೋಗುತ್ತದೆ.

ಹೊಸದಾಗಿ ಬರುವ ಹುಡುಗಿಯರಿಗೆ ಇನ್ನೊಂದು ಹೇಳುತ್ತೇನೆ. ಲೈನ್ ಬ್ಲಾಕ್ ಆಯಿತು ಅಂತ 1 ಮಿಲಿ, 2 ಮಿಲಿ ಸಿರಿಂಜ್ ತಗೊಂಡು ಒತ್ತಬೇಡಿ. ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ. ಲೈನ್ ಒಳಗೇ ಒಡೆಯುತ್ತದೆ. 10 ಮಿಲಿ ಸಿರಿಂಜ್, ಮೆತ್ತಗಿನ ಕೈ. ಹೋಗದಿದ್ದರೆ ಬಿಟ್ಟು ಡಾಕ್ಟರನ್ನು ಕರೆಯಿರಿ. ಫ್ಲಶ್‌ನ, ಅಂದರೆ ಲೈನ್ ತೊಳೆಯಲು ಬಿಡುವ, ನೀರೂ ಲೆಕ್ಕಕ್ಕೆ ಬರೆಯಿರಿ. ಒಂದು ಕೆಜಿ ಕೂಸಿನ ಮೈಯಲ್ಲಿರುವ ರಕ್ತವೇ 80ರಿಂದ 100 ಮಿಲಿ, ಖಾನಾವಳಿಯ ಒಂದು ಟೀ ಲೋಟದಷ್ಟು.

ಧಾರವಾಡ ಡಾಕ್ಟರ್
ಸಿಸ್ಟರ್, ಒಪ್ಪಿದೆ. ನಂಜು ತಡೆಯುವ ಕ್ರಮಗಳ ಬಂಡಲ್, ಚೆಕ್‌ಲಿಸ್ಟ್ ಅಂತ ಗೋಡೆಗೆ ಅಂಟಿಸಿದ ಕಾಗದಕ್ಕೆ ಎರಡನೇ ಜೋಡಿ ಕೈ ಇಲ್ಲದಿದ್ದರೆ ಅದು ಬರೀ ಕಾಗದ.

ಹಾವೇರಿ ಮಕ್ಕಳ ಡಾಕ್ಟರ್
ಈ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಹುಬ್ಬಳ್ಳಿ–ಧಾರವಾಡದವರು ಎನ್‌ಐಸಿಯು ಪಕ್ಕದಲ್ಲೇ ಇಟ್ಟುಕೊಂಡು ಮಾತಾಡುತ್ತಾರೆ. ನಮ್ಮ ಕಡೆಯಿಂದ ಕೂಸು ಶಿಗ್ಗಾಂವಿ ದಾಟಿ ಹುಬ್ಬಳ್ಳಿ ಮುಟ್ಟಬೇಕು, 75 ಕಿಲೋಮೀಟರ್ ಹತ್ತಿರ ಆಗುತ್ತದೆ. ಕಳಿಸುವ ಮೊದಲು ಹೊಕ್ಕಳ ಲೈನ್ ಹಾಕಿಯೇ ಕಳಿಸಬೇಕಾ ಅನ್ನೋದು ಪ್ರಶ್ನೆ.

ನನ್ನ ಮಟ್ಟಿಗೆ, ಕೈಗೆ ಒಂದು ಸೂಜಿ ಸಿಕ್ಕಿದ್ದರೆ ಬೇಡ. 10 ಪರ್ಸೆಂಟ್ ಗ್ಲೂಕೋಸ್ ಅದರಲ್ಲೇ ಹೋಗುತ್ತದೆ. ಅವಸರದಲ್ಲಿ ಹಾಕಿದ ಹೊಕ್ಕಳ ಲೈನ್ ಎಷ್ಟೋ ಸಲ ಯಕೃತ್ತಿನ ಕಡೆ ತಿರುಗಿಕೊಂಡಿರುತ್ತದೆ. ಅಲ್ಲಿ ಗಟ್ಟಿ ದ್ರವ ಬಿದ್ದರೆ ಯಕೃತ್ತಿಗೇ ಪೆಟ್ಟು. ತುದಿ ಇರಬೇಕಾದ್ದು ವಪೆಯ (ಎದೆ–ಹೊಟ್ಟೆ ನಡುವಿನ ಪರದೆ) ಮೇಲೆ, ಎಕ್ಸ್-ರೇಯಲ್ಲಿ ಎದೆಭಾಗದ ಬೆನ್ನೆಲುಬಿನ ಎಂಟು–ಒಂಬತ್ತನೇ ಮಣಿಯ ಮಟ್ಟಕ್ಕೆ. ತೂಕವನ್ನು ಮೂರರಿಂದ ಗುಣಿಸಿ, ಒಂಬತ್ತು ಕೂಡಿಸಿ, ಅರ್ಧ ಮಾಡಿ, ಒಂದು ಸೇರಿಸು ಅನ್ನೋ ಲೆಕ್ಕ ಎಲ್ಲರಿಗೂ ಬಾಯಿಪಾಠ. 1.1 ಕೆಜಿಗೆ ಏಳು ಸೆಂಟಿಮೀಟರಿಗೆ ಸ್ವಲ್ಪ ಮೇಲೆ ಬರುತ್ತದೆ. ಆದರೆ ಅದು ಅಂದಾಜು ಮಾತ್ರ. ಎಕ್ಸ್-ರೇ ನೋಡದೆ ನಂಬೋಕೆ ಬರುವುದಿಲ್ಲ.

ಹುಟ್ಟಿದ ಕೂಡಲೇ ಎದೆಬಡಿತವೇ ಇಲ್ಲ, ಔಷಧಿ ತುರ್ತಾಗಿ ಹೋಗಬೇಕು ಅಂದರೆ ಮಾತು ಬೇರೆ. ಆಗ ಎರಡರಿಂದ ನಾಲ್ಕು ಸೆಂಟಿಮೀಟರ್, ರಕ್ತ ಬರುವಷ್ಟು ಮಾತ್ರ ಒಳಗೆ ಬಿಟ್ಟು ಕೆಲಸ ಮುಗಿಸಬೇಕು.

ಗದಗ ರಾತ್ರಿಪಾಳಿ
ಸರ್, ನೀವು ಹೇಳೋದು ಪುಸ್ತಕದ ಪ್ರಕಾರ ಸರಿ. ನಾನು ಕೂಸಿನ ಜೊತೆ ಆಂಬುಲೆನ್ಸಿನಲ್ಲಿ ಕೂತು ಹೋದವಳು. ಗದಗ ಬಿಟ್ಟು ಅಣ್ಣಿಗೇರಿ ಬರುವುದರೊಳಗೆ ಕೈ ಸೂಜಿ ಊದಿಕೊಂಡಿತು ಅಂದರೆ, ಓಡುವ ಗಾಡಿಯಲ್ಲಿ ಒಂದು ಕೆಜಿ ಕೂಸಿಗೆ ಮತ್ತೆ ಚುಚ್ಚೋಕೆ ಯಾರಿಂದ ಆಗುತ್ತದೆ? ಮುಟ್ಟುವ ಹೊತ್ತಿಗೆ ಶುಗರ್ ಪಾತಾಳಕ್ಕೆ ಇಳಿದಿರುತ್ತದೆ. ಕೈ ಪಳಗಿದವರು ಇದ್ದರೆ ಶುದ್ಧವಾಗಿ ಹೊಕ್ಕಳ ಲೈನ್ ಹಾಕಿ, ಎಕ್ಸ್-ರೇ ನೋಡಿಯೇ ಕಳಿಸಲಿ.

ಹಾವೇರಿ ಮಕ್ಕಳ ಡಾಕ್ಟರ್
ಕೈ ಪಳಗಿದವರು ಇದ್ದರೆ ಅಂದಿರಲ್ಲ, ಜಗಳ ಇರೋದೇ ಅಲ್ಲಿ. ಎರಡು ಕೈ ಸೂಜಿ ಹಾಕಿ ಕಳಿಸಿ, ಒಂದು ಹೋದರೆ ಇನ್ನೊಂದು ಅನ್ನುತ್ತೇನೆ ನಾನು. ಹೊಕ್ಕಳ ಲೈನ್ ಹಾಕಿಯೇ ಕಳಿಸುವುದಾದರೆ ಎಷ್ಟು ಸೆಂಟಿಮೀಟರಿಗೆ ನಿಲ್ಲಿಸಿದ್ದು, ಯಾವ ಹೊತ್ತಿಗೆ ಹಾಕಿದ್ದು ಅನ್ನೋದನ್ನು ಟೇಪಿನ ಮೇಲೂ ರೆಫರಲ್ ಚೀಟಿಯ ಮೇಲೂ ಬರೆಯಿರಿ. ಹೊಕ್ಕಳ ಬಳ್ಳಿ ಒಣಗುತ್ತಾ ಕುಗ್ಗಿದ ಹಾಗೆ ತುದಿ ಜರುಗುತ್ತದೆ. ಮೊದಲು ಎಲ್ಲಿತ್ತು ಅಂತ ಗೊತ್ತಿಲ್ಲದಿದ್ದರೆ ಹುಬ್ಬಳ್ಳಿಯವರು ಏನು ನೋಡಬೇಕು?

ನರಗುಂದ ಮೆಡಿಕಲ್
ಅಂಗಡಿಯವನ ಒಂದು ಮಾತು. ಚೀಟಿಯಲ್ಲಿ ಬರೆದ ಲೈನಿನ ಸೈಜ್ ಇಲ್ಲ ಅಂದರೆ "ಇದೂ ನಡೀತೈತಿ" ಅಂತ ಬೇರೆ ಸೈಜ್ ಕೊಟ್ಟರೆ ತಗೊಳ್ಳಬೇಡಿ. ಪೊಟ್ಟಣದ ಮೇಲೆ ದಿನಾಂಕ ನೋಡಿ, ಹರಿದಿದೆಯಾ ನೋಡಿ.

ಮುಂಡರಗಿ ಆಶಾ
ಖರ್ಚಿಗೆ ಹೆದರಿ ಕೂಸನ್ನು ಕರೆದುಕೊಂಡು ಹೋಗುವವರನ್ನು ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆ ಕೂಸಿಗೆ ಔಷಧಿ, ಪರೀಕ್ಷೆ, ರಕ್ತ, ಓಡಾಟದ ಗಾಡಿ ಎಲ್ಲ ಉಚಿತ. 2011ರಿಂದ ಇದೆ. ಮೊದಲು 30 ದಿನದ ಕೂಸಿನವರೆಗೆ ಇತ್ತು, ಆಮೇಲೆ ಒಂದು ವರ್ಷದವರೆಗೆ ಮಾಡಿದರು. ಖಾಸಗಿಗೆ ಹೋಗುವುದಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಲ್ಲಿ ನಡೆಯುತ್ತದಾ ಅಂತ ಸೇರಿಸುವ ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗಬಹುದು. ಬಿಪಿಎಲ್ ಕಾರ್ಡು, ಆಧಾರ್ ಜೊತೆಗೇ ಇಟ್ಟುಕೊಳ್ಳಿ.

ರಾಣೇಬೆನ್ನೂರಿನ ಅವ್ವ
ಡಾಕ್ಟ್ರೇ, ನನ್ನದು ಒಂದು ಪ್ರಶ್ನೆ. ಲೈನಿನಿಂದ ನಂಜು ಬರುತ್ತದೆ ಅಂತ ಗೊತ್ತೇ ಇದೆಯಲ್ಲ. ಹಾಗಾದರೆ ಲೈನ್ ಇರುವಷ್ಟು ದಿನ ಆಂಟಿಬಯಾಟಿಕ್ ಕೊಟ್ಟೇ ಇಡಬಾರದಾ? ಅಣ್ಣಿಗೇರಿಯವರೇ, ನೀವೂ ಕೇಳಿ ಇಟ್ಟುಕೊಳ್ಳಿ.

ಧಾರವಾಡ ಡಾಕ್ಟರ್
ಬೇಡ ಅಕ್ಕಾ. ಮುಂಜಾಗ್ರತೆಗೆ ಅಂತ ಕೊಡುವ ಆಂಟಿಬಯಾಟಿಕ್ ಕಾಪಾಡೋದಕ್ಕಿಂತ ಕೆಡಿಸೋದೇ ಹೆಚ್ಚು. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಫಂಗಸ್ ತಲೆ ಎತ್ತುತ್ತದೆ, ದಿನ ತುಂಬದ ಕೂಸುಗಳಲ್ಲಿ ಕರುಳು ಕೊಳೆಯುವ ಎನ್‌ಇಸಿ ಕಾಯಿಲೆಯ ಭಯವೂ ಹೆಚ್ಚುತ್ತದೆ. ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತೆ ಗಟ್ಟಿಯಾಗುತ್ತವೆ. ನಂಜಿನ ಅನುಮಾನ ಬಂದರೆ ರಕ್ತದ ಕಲ್ಚರ್ (ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆ) ಕಳಿಸಿ ಶುರು ಮಾಡಬೇಕು. ಕಲ್ಚರ್ ಏನೂ ಬೆಳೆಯದೆ, ಕೂಸೂ ಚೆನ್ನಾಗಿದ್ದರೆ ನಿಲ್ಲಿಸಬೇಕು. ನಿಲ್ಲಿಸೋಕೆ ಕೈ ಬರುವುದಿಲ್ಲ ನಮ್ಮವರಿಗೆ.

ಲೈನ್ ಬೇಗ ತೆಗೆಯುವ ಔಷಧಿ ಅಂತ ಒಂದಿದ್ದರೆ ಅದು ಅವ್ವನ ಹಾಲು. ಹಾಲು ದಿನಕ್ಕೆ ಕೆಜಿಗೆ 120 ಮಿಲಿ ಮುಟ್ಟಿತು ಅಂದರೆ ಸಾಮಾನ್ಯವಾಗಿ ಟಿಪಿಎನ್ ನಿಲ್ಲಿಸಿ ಲೈನ್ ತೆಗೆಯಬಹುದು. ಮೊದಲೆಲ್ಲ ಹಾಲು ಜಾಸ್ತಿ ಮಾಡೋಕೆ ಎಲ್ಲರೂ ಹೆದರುತ್ತಿದ್ದರು. ಬ್ರಿಟನ್ ಕಡೆ ಸುಮಾರು 2800 ಕೂಸುಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಬಂತು. ದಿನಕ್ಕೆ ಕೆಜಿಗೆ 18 ಮಿಲಿ ಏರಿಸುತ್ತಾ ಹೋದವರಿಗೂ 30 ಮಿಲಿ ಏರಿಸಿದವರಿಗೂ ಹೋಲಿಸಿದರು. ಬದುಕುಳಿಯೋದರಲ್ಲಿ, ಮುಂದಿನ ಬೆಳವಣಿಗೆಯಲ್ಲಿ, ಎನ್‌ಇಸಿಯಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಬೇಗ ಏರಿಸಿದವರು ಪೂರ್ತಿ ಹಾಲಿಗೆ ಬೇಗ ಬಂದರು. ಅಂದರೆ ಲೈನಿನ ದಿನಗಳು ಕಡಿಮೆ.

ಅಣ್ಣಿಗೇರಿಯವರೇ, ತಂಗಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲು ಹಿಂಡುತ್ತಿದ್ದಾರಾ ನೋಡಿ. ಮೊದಮೊದಲು ಹನಿಯಷ್ಟೇ ಬರುತ್ತದೆ. ಆ ಹನಿಯನ್ನೂ ಕೊಡಿ. ಚಹಾ ಕುಡಿಯೋಕೂ ಬಿಡದೆ ನೆಂಟರು ಸುತ್ತ ಕೂತಿದ್ದರೆ ಅವರನ್ನು ಚಿಗರಿ ಬಸ್ಸು ಹತ್ತಿಸಿ ಕಳಿಸಿ.

ಅಣ್ಣಿಗೇರಿ ಮಾವ
ನೆಂಟರನ್ನು ಕಳಿಸುವ ಕೆಲಸ ಅಜ್ಜಿಗೇ ವಹಿಸಿದ್ದೇನೆ ಸರ್, ಅವರ ಮಾತಿಗೆ ಎದುರಾಡುವವರಿಲ್ಲ. ಹಾಲು ಏರಿಸುತ್ತಿದ್ದಾರೆ. ಬೆಳಿಗ್ಗೆ "ಇವತ್ತು ಲೈನ್ ಬೇಕಾ" ಅಂತ ಕೇಳಿದ್ದಕ್ಕೆ ಅಲ್ಲಿನ ಡಾಕ್ಟರು ನಕ್ಕು "ಯಾರು ಹೇಳಿಕೊಟ್ಟರು?" ಅಂದರು. ಇನ್ನೂ ಬೇಕು, ಹಾಲು ಅರ್ಧಕ್ಕೆ ಬಂದಿದೆ ಅಂತ ಲೆಕ್ಕ ತೋರಿಸಿದರು.

ಗದಗ ರಾತ್ರಿಪಾಳಿ
ಹುಬ್ಬಳ್ಳಿ ಸಿಸ್ಟರ್, ಒಂದು ಕೇಳಬೇಕಿತ್ತು. ಪಿಕ್ ತೆಗೆಯುವಾಗ ಅರ್ಧ ಬಂದು ಸಿಕ್ಕಿಹಾಕಿಕೊಂಡರೆ ನಿಮ್ಮಲ್ಲಿ ಏನು ಮಾಡುತ್ತೀರಿ? ಇನ್ನೊಂದು, 26 ವಾರದ ಕೂಸಿನ ಚರ್ಮ ಶುದ್ಧ ಮಾಡೋಕೆ ಕ್ಲೋರ್‌ಹೆಕ್ಸಿಡಿನ್ ದ್ರವ ಹಚ್ಚುತ್ತೀರಾ?

ಹುಬ್ಬಳ್ಳಿ ಸಿಸ್ಟರ್
ಕ್ಲೋರ್‌ಹೆಕ್ಸಿಡಿನ್ ವಿಷಯದಲ್ಲಿ 28 ವಾರಕ್ಕಿಂತ ಚಿಕ್ಕವಕ್ಕೆ ಬಹಳ ಹುಷಾರು. ಸ್ಪಿರಿಟ್ ಕೂಡಿದ್ದರಂತೂ ಚರ್ಮ ಸುಟ್ಟು ಕೆಂಪಾಗುತ್ತದೆ. ಬೇಕಾದಷ್ಟೇ ಹಚ್ಚಿ, ಬೆನ್ನಡಿಗೆ, ಕಂಕುಳಿಗೆ ಇಳಿದು ನಿಲ್ಲದಂತೆ ನೋಡಿ, ಒಣಗಿದ ಮೇಲೆ ಸ್ಟೆರೈಲ್ ಸಲೈನ್‌ನಲ್ಲಿ ಒರೆಸುತ್ತೇವೆ. ಕೂಸಿನ ಕೆಳಗಿನ ಬಟ್ಟೆ ಒದ್ದೆಯಾಗಿದ್ದರೆ ತಕ್ಷಣ ಬದಲಿಸುತ್ತೇವೆ. ಸುಟ್ಟಗಾಯ ಆಗೋದು ಬಹಳ ಸಲ ಆ ಒದ್ದೆ ಬಟ್ಟೆಯಿಂದಲೇ. ಪೊವಿಡೋನ್ ಅಯೋಡಿನ್ ಆದರೆ ಮೈಗೆ ಹೀರಿಕೊಂಡು ಥೈರಾಯ್ಡ್ ಮೇಲೆ ಪರಿಣಾಮ ಆಗುತ್ತದೆ, ಅದನ್ನೂ ಒರೆಸಿ ತೆಗೆಯಬೇಕು.

ಸಿಕ್ಕಿಕೊಂಡರೆ ಎಳೆಯಬೇಡಿ. ರಕ್ತನಾಳ ಬಿಗಿದುಕೊಂಡಿರುತ್ತದೆ, ಜೋರು ಮಾಡಿದರೆ ಲೈನ್ ತುಂಡಾಗಿ ಒಳಗೆ ಉಳಿಯುತ್ತದೆ. ಅಲ್ಲೇ ನಿಲ್ಲಿಸಿ ಮತ್ತೆ ಪಟ್ಟಿ ಹಾಕಿ. ತೋಳಿನ ಮೇಲೆ ಬೆಚ್ಚಗಿನ, ಬಿಸಿ ಅಲ್ಲದ, ಒದ್ದೆ ಬಟ್ಟೆ ಇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೆತ್ತಗೆ ನೋಡಿ. ಆಗಲೂ ಬರದಿದ್ದರೆ ಕೆಲವು ಗಂಟೆ ಬಿಡಿ, ಡಾಕ್ಟರಿಗೆ ಹೇಳಿ. ಬಂದ ಮೇಲೆ ಟೇಪ್ ಹಿಡಿದು ಲೈನನ್ನು ಅಳೆಯಿರಿ. ಹಾಕಿದ ದಿನ ಕತ್ತರಿಸಿದ್ದರೆ ಎಷ್ಟು ಕತ್ತರಿಸಿದ್ದು ಅಂತ ಕೇಸ್ ಶೀಟಿನಲ್ಲಿ ಇರಬೇಕು, ಅದಕ್ಕೆ ತಾಳೆ ಆಗಬೇಕು. ತಾಳೆ ಆಗದಿದ್ದರೆ ಲೈನನ್ನು ಎಸೆಯಬೇಡಿ, ಹಾಗೇ ಎತ್ತಿಟ್ಟು ಎಕ್ಸ್-ರೇಗೆ ಹೇಳಿ.